ಮುಖದ ಕೆಳಗೆ ದೀಪ

ಆ ಊರಿನಲ್ಲಿ ಯಾರಿಗೂ ನೆರಳಿರಲಿಲ್ಲ.

ಯಾವ ಕಾಲದಲ್ಲೋ ಒಂದು ಮೋಡ ಬಂದು ಊರಿನ ಮೇಲೆ ನಿಂತಿತ್ತು. ಮಳೆ ಸುರಿಸಲಿಲ್ಲ, ಬಿಸಿಲನ್ನೂ ಬಿಡಲಿಲ್ಲ. ಬೆಳಗ್ಗೆ ಆಕಾಶ ಒಗೆದು ಹಾಕಿದ ಬಿಳಿ ಪಂಚೆಯಂತೆ ಕಾಣುತ್ತಿತ್ತು, ಸಂಜೆಯಾದರೆ ಅದೇ ಪಂಚೆ ಮಾಸುತ್ತಿತ್ತು. ನಡುವೆ ಬೆಳಕು ಎಲ್ಲ ಕಡೆಯಿಂದಲೂ ಒಂದೇ ಸಮನೆ ಬರುತ್ತಿತ್ತು. ಹಾಗಾಗಿ ಮರದ ಬುಡದಲ್ಲಿ ನೆರಳಿಲ್ಲ, ಗೋಡೆಯ ಮಗ್ಗುಲಲ್ಲಿ ನೆರಳಿಲ್ಲ, ಮನುಷ್ಯರ ಮುಖದಲ್ಲಿ ಮೂಗಿನ ಪಕ್ಕ, ಕಣ್ಣಿನ ಕೆಳಗೆ ಇರಬೇಕಾದ ಚೂರು ನೆರಳೂ ಇಲ್ಲ. ಅಂಥ ಬೆಳಕಿನಲ್ಲಿ ಮುಖಗಳೆಲ್ಲ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತಿದ್ದವು. ಎದುರಿಗೆ ಬಂದವರು ಒಳ್ಳೆಯವರೋ ಕೆಟ್ಟವರೋ, ನೊಂದವರೋ ನಲಿದವರೋ ಎಂದು ಮುಖ ನೋಡಿ ಹೇಳುವುದು ಅಲ್ಲಿನವರಿಗೆ ಬರುತ್ತಿರಲಿಲ್ಲ. ಅದನ್ನು ಅವರು ಚಿತ್ರ ನೋಡಿ ತಿಳಿದುಕೊಳ್ಳುತ್ತಿದ್ದರು.

ವರ್ಷಕ್ಕೊಂದು ಚಿತ್ರ. ಊರಾಚೆ ಕಿಟಕಿಗಳಿಲ್ಲದ ದೊಡ್ಡ ಮನೆಯೊಂದಿತ್ತು. ಅದಕ್ಕೆ ಚಿತ್ರದ ಮನೆ ಎಂದೇ ಹೆಸರು. ಅದರೊಳಗೆ ರಟ್ಟಿನ ಅರಮನೆ, ಹತ್ತಿಯ ಮೋಡ, ಕಾಗದದಲ್ಲಿ ಮಾಡಿದ ಏಳು ಹೆಡೆಯ ಸರ್ಪ, ರೆಕ್ಕೆ ಕಟ್ಟಿದ ಮರದ ಕುದುರೆ. ಸುಮ್ಮನೆ ನೋಡಿದರೆ ರಟ್ಟು ರಟ್ಟೇ, ಹತ್ತಿ ಹತ್ತಿಯೇ. ದೀಪ ಬಿದ್ದಾಗ ಮಾತ್ರ ಅದು ಪಾತಾಳ, ಅದು ಗಂಧರ್ವರ ಪಟ್ಟಣ. ಕಥೆಯ ಯಜಮಾನರು ಕಥೆ ಕಟ್ಟುತ್ತಿದ್ದರು, ಊರಿನವರೇ ವೇಷ ಹಾಕುತ್ತಿದ್ದರು. ಚಿತ್ರ ಮುಗಿದ ಮೇಲೆ ಒಂದು ಸಂಜೆ ಬಯಲಿನಲ್ಲಿ ಬಿಳಿ ಪರದೆ ಕಟ್ಟಿ ಊರಿಗೆ ಊರೇ ಕೂತು ನೋಡುತ್ತಿತ್ತು. ಪರದೆಯ ಮೇಲೆ ಯಾರ ಮುಖಕ್ಕೆ ಎಂಥ ಬೆಳಕು ಬಿತ್ತೋ, ಅಂದಿನಿಂದ ಅವರು ಅಂಥವರು. ಇದು ಆ ಊರಿನ ಕಟ್ಟಳೆ. ಯಾರೂ ಬರೆದಿಟ್ಟದ್ದಲ್ಲ, ಯಾರೂ ಮೀರಿದ್ದೂ ಇಲ್ಲ.

ಹತ್ತು ವರ್ಷದ ಹಿಂದೆ ರಾಜಕುಮಾರನಾದವನ ಕೆನ್ನೆಗೆ ಪಕ್ಕದಿಂದ ಹೊಂಬಣ್ಣದ ಬೆಳಕು ಬಿದ್ದಿತ್ತು. ಅವನು ಕತ್ತೆಯ ಮೇಲೆ ಕೂರಲೂ ಹೆದರುವ ಮನುಷ್ಯ. ಆದರೂ ಅವನು ಬಂದರೆ ಜನ ಎದ್ದು ನಿಲ್ಲುತ್ತಿದ್ದರು. ಗಂಡಹೆಂಡಿರ ಜಗಳವನ್ನೂ ತಂದು ಅವನ ಮುಂದೆ ಇಡುತ್ತಿದ್ದರು. ಇನ್ನೊಬ್ಬಳು ಗಂಡನನ್ನು ಕಳೆದುಕೊಂಡ ರಾಣಿಯಾಗಿ ನೀಲಿ ಬೆಳಕಿನಲ್ಲಿ ಕೂತಿದ್ದಳು. ಅವಳ ಗಂಡ ಗಟ್ಟಿಮುಟ್ಟಾಗಿ ಮನೆಯಲ್ಲೇ ಇದ್ದ. ಆದರೆ ಅವಳ ಎದುರು ಎಲ್ಲರೂ ದನಿ ತಗ್ಗಿಸುತ್ತಿದ್ದರು. ಅವಳು ನಕ್ಕರೆ, "ಪಾಪ, ನೋವು ನುಂಗಿಕೊಂಡು ನಗ್ತಾಳೆ" ಎನ್ನುತ್ತಿದ್ದರು. ಕೊನೆಗೆ ಅವಳು ನಗುವುದನ್ನೇ ಬಿಟ್ಟಳು.

ರಕ್ಕಸಿಯ ವೇಷಕ್ಕೆ ಮಾತ್ರ ಊರಿನ ಯಾರೂ ಒಪ್ಪುತ್ತಿರಲಿಲ್ಲ. ಹಾದಿಯಲ್ಲಿ ಬಂದ ಪರವೂರಿನ ಯಾವಳನ್ನೋ ಕರೆದು ತರುತ್ತಿದ್ದರು. ಒಂದು ವರ್ಷ ಬಳೆ ಮಾರುವವಳು, ಒಂದು ವರ್ಷ ಮೊರ ಹೆಣೆಯುವವಳು, ಒಂದು ವರ್ಷ ದಾರಿ ತಪ್ಪಿ ಬಂದ ಮುದುಕಿ. ಅವಳ ಮುಖದ ಕೆಳಗೆ ದೀಪ ಇಟ್ಟು, ದೀಪಕ್ಕೆ ಹಸಿರು ಹಾಳೆ ಮುಚ್ಚುತ್ತಿದ್ದರು. ಚಿತ್ರ ತೋರಿಸಿದ ಮರುದಿನ ಅವಳಿಗೆ ಯಾರೂ ನೀರು ಕೊಡುತ್ತಿರಲಿಲ್ಲ. ಅವಳು ತನ್ನ ಗಂಟು ಎತ್ತಿಕೊಂಡು ಹೊರಟು ಹೋಗುತ್ತಿದ್ದಳು. ಎಲ್ಲಿಗೆ ಹೋದಳೆಂದು ಯಾರೂ ಕೇಳುತ್ತಿರಲಿಲ್ಲ.

ಆ ದೀಪಗಳನ್ನೆಲ್ಲ ಇಡುತ್ತಿದ್ದವಳನ್ನು ಊರಿನವರು ದೀಪದವಳು ಎಂದು ಕರೆಯುತ್ತಿದ್ದರು. ಅವಳ ಅಪ್ಪನೂ ಅದೇ ಕೆಲಸದವನು. ಯಾವ ದೀಪ ಎಲ್ಲಿಟ್ಟರೆ ಏನಾಗುತ್ತದೆ ಎಂದು ಅವನು ಮಗಳಿಗೆ ಒಂದು ಮಡಕೆಯನ್ನು ಮುಂದಿಟ್ಟುಕೊಂಡು ಕಲಿಸಿದ್ದ. ಮೇಲಿನಿಂದ ದೀಪ ಇಟ್ಟರೆ ಮಡಕೆ ಏನನ್ನೋ ಯೋಚಿಸುತ್ತ ಕೂತಂತೆ. ಹಿಂದಿನಿಂದ ಇಟ್ಟರೆ ಅದರ ಅಂಚಿಗೆ ಚಿನ್ನದ ಗೆರೆ. ತೆಳು ಬಟ್ಟೆ ಅಡ್ಡ ಹಿಡಿದರೆ ಮಡಕೆಯ ಹೊಟ್ಟೆಯ ಮೇಲೂ ಕರುಣೆ ಕಾಣುತ್ತಿತ್ತು. ಕೆಳಗಿಟ್ಟರೆ, ಏನನ್ನೋ ನುಂಗುವುದಕ್ಕೆ ತೆರೆದ ಬಾಯಿ. ಅಪ್ಪ ತೀರಿಕೊಂಡ ಮೇಲೆ ಹದಿನೆಂಟು ಚಿತ್ರಗಳಿಗೆ ಅವಳೇ ದೀಪ ಇಟ್ಟಿದ್ದಳು. ತನ್ನ ಕೈಯ ಬಗ್ಗೆ ಅವಳಿಗೆ ಒಳಗೊಳಗೇ ಹೆಮ್ಮೆಯಿತ್ತು.

ಅವಳ ತಾಯಿ ಹೆತ್ತ ವಾರಕ್ಕೇ ಹೋಗಿಬಿಟ್ಟಿದ್ದಳು. ಕೂಸನ್ನು ಎತ್ತಿಕೊಂಡು ಸಾಕಿದ್ದು ಚಿತ್ರದ ಮನೆಯ ಅಡುಗೆಯವಳು. ಊರಿಗೆಲ್ಲ ಅವಳು ಅಡುಗೆಯವಳು, ದೀಪದವಳಿಗೆ ಮಾತ್ರ ಸಾಕವ್ವ. ಚಿತ್ರದ ಮನೆಯ ಹಿತ್ತಲಲ್ಲಿ ಅವಳ ಅಡುಗೆಮನೆ. ಅರವತ್ತು ಜನಕ್ಕೆ ಅನ್ನ, ಹುರುಳಿ ಸಾರು, ಮಜ್ಜಿಗೆ. ಬಡಗಿಗೆ ತಳ ಹಿಡಿದ ಅನ್ನ ಇಷ್ಟ, ವೇಷದ ಬಟ್ಟೆ ಹೊಲಿಯುವವಳಿಗೆ ಖಾರ ಆಗದು, ಯಜಮಾನರಿಗೆ ಮಜ್ಜಿಗೆ ಮೊದಲು ಬೇಕು. ಇದೆಲ್ಲ ಅವಳ ಕೈಗೇ ಗೊತ್ತಿತ್ತು, ನೆನಪು ಮಾಡಿಕೊಳ್ಳಬೇಕಾಗಿರಲಿಲ್ಲ.

ಒಂದು ವರ್ಷ ಹಾದಿಯಲ್ಲಿ ಯಾರೂ ಬರಲಿಲ್ಲ.

ಕಥೆ ಸಿದ್ಧವಾಗಿತ್ತು. ರಾಣಿಯ ಕೂಸನ್ನು ಕಾಡಿನ ರಕ್ಕಸಿ ಕದ್ದೊಯ್ಯುವ ಕಥೆ. ರಾಣಿ ಸಿಕ್ಕಿದ್ದಳು, ಕೂಸು ಸಿಕ್ಕಿತ್ತು, ಕಾಡನ್ನು ಬಡಗಿ ಕಟ್ಟಿ ನಿಲ್ಲಿಸಿದ್ದ. ಯಜಮಾನರು ದಿನಾ ಬೆಳಗ್ಗೆ ಊರ ಬಾಗಿಲಿಗೆ ಹೋಗಿ ನಿಂತು ಒಬ್ಬರೇ ವಾಪಸಾಗುತ್ತಿದ್ದರು. ಹನ್ನೆರಡನೆಯ ದಿನ ಊಟಕ್ಕೆ ಕೂತವರು, ಸಾರು ಬಡಿಸಲು ಬಗ್ಗಿದ ಅಡುಗೆಯವಳ ಮುಖವನ್ನು ತಲೆಯೆತ್ತಿ ನೋಡಿದರು. ಮೂವತ್ತು ವರ್ಷದಲ್ಲಿ ಅವರು ಆ ಮುಖವನ್ನು ನೋಡಿದ್ದು ಅದೇ ಮೊದಲಿರಬೇಕು.

"ನೀನೇ ಯಾಕೆ ಆಗಬಾರದು?" ಎಂದರು.

ಅವಳಿಗೆ ಅರ್ಥವಾಗಲಿಲ್ಲ. "ಏನಾಗಬೇಕು ಯಜಮಾನ್ರೇ? ಇನ್ನೊಂದು ಸೌಟು ಹಾಕ್ಲಾ?"

"ರಕ್ಕಸಿ. ಮೂರು ದಿನದ ಕೆಲಸ ಅಷ್ಟೇ."

ಸಾಲಿನಲ್ಲಿ ಕೂತವರು ನಕ್ಕರು. ಅವಳೂ ನಕ್ಕಳು. ಆಮೇಲೆ ಸೌಟನ್ನು ಪಾತ್ರೆಗೆ ಬಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡು, ಆ ಮುಖವನ್ನು ಈಗಾಗಲೇ ಯಾರೋ ನೋಡುತ್ತಿದ್ದಾರೆ ಎನ್ನುವ ಹಾಗೆ ಸ್ವಲ್ಪ ಎತ್ತಿ ಹಿಡಿದಳು.

ಊಟ ಮುಗಿದ ಮೇಲೆ ದೀಪದವಳು ಹಿತ್ತಲಿಗೆ ಬಂದಳು. ಸಾಕವ್ವ ಪಾತ್ರೆ ಉಜ್ಜುತ್ತಿದ್ದಳು.

"ಬೇಡ ಸಾಕವ್ವ. ಆಗಲ್ಲ ಅಂತ ಹೇಳಿಬಿಡು."

"ಯಾಕೆ, ನನ್ನ ಮುಖಕ್ಕೆ ಏನಾಗಿದೆ?"

"ಮುಖಕ್ಕೇನೂ ಆಗಿಲ್ಲ. ಅದು ರಕ್ಕಸಿ ವೇಷ. ಆಮೇಲೆ ಏನಾಗುತ್ತೆ ಅಂತ ನಿಂಗೆ ಗೊತ್ತಿಲ್ವಾ?"

"ಅವರೆಲ್ಲ ಎಲ್ಲಿಂದಲೋ ಬಂದವರು ಕೂಸೇ. ಜನಕ್ಕೆ ಅವರ ಗುರುತು ಪರಿಚಯ ಇರಲಿಲ್ಲ. ನನ್ನ ಅನ್ನ ಇವರ ಹೊಟ್ಟೇಲಿದೆ." ಸಾಕವ್ವ ಕೈಯಲ್ಲಿದ್ದ ಪಾತ್ರೆಯನ್ನು ಬೋರಲು ಹಾಕಿದಳು. "ಮೂವತ್ತು ವರ್ಷ ಈ ಗೋಡೆಯ ಹಿಂದೆ ಬೇಯಿಸಿದ್ದೀನಿ. ಈ ಕೊಪ್ಪರಿಗೆ ಎರಡು ಸಲ ಚಿತ್ರದಲ್ಲಿ ಬಂದಿದೆ, ನೀನೇ ದೀಪ ಇಟ್ಟೆ ಅದಕ್ಕೆ. ನನಗೆ ಒಂದು ಸಲ ಇಟ್ಟಿದ್ದೀಯಾ?"

ಅದು ದೀಪದವಳಿಗೆ ಯಾವತ್ತೂ ಹೊಳೆದೇ ಇರಲಿಲ್ಲ.

ಚಿತ್ರದ ಮೊದಲ ದಿನ ಅವಳು ದೀಪವನ್ನು ಸಾಕವ್ವನ ಮುಖದ ಪಕ್ಕಕ್ಕೆ ಇಟ್ಟಳು. ಯಜಮಾನರು ಕ್ಯಾಮೆರಾಕ್ಕೆ ಕಣ್ಣಿಟ್ಟು ನೋಡಿ, "ಯಾರದೋ ಮನೆ ಅಜ್ಜಿ ಕೂತಿದ್ದಾಳೆ. ನನ್ನ ರಕ್ಕಸಿ ಎಲ್ಲಿ?" ಎಂದರು.

ಅವಳು ದೀಪವನ್ನು ಸೊಂಟದ ಮಟ್ಟಕ್ಕೆ ಇಳಿಸಿದಳು.

"ಇನ್ನೂ ಕೆಳಗೆ."

ಮೊಣಕಾಲಿನ ಮಟ್ಟಕ್ಕೆ ಇಳಿಸಿದಳು.

"ಇನ್ನೂ."

ನೆಲಕ್ಕೆ ಇಟ್ಟಳು. ಹಸಿರು ಹಾಳೆ ಮುಚ್ಚಿದಳು. ಗಲ್ಲದ ಕೆಳಗಿನ ಚರ್ಮ ಬೆಳಗಿತು, ಕಣ್ಣುಗಳು ಎರಡು ಗುಳಿಗಳಾದವು, ಹುಬ್ಬಿನ ನೆರಳು ಹಣೆಯ ಮೇಲೆ ಕೊಂಬಿನ ಹಾಗೆ ಎದ್ದು ನಿಂತಿತು. ಆದರೂ ಎಲ್ಲೋ ಏನೋ ಸಾಲದು ಅನ್ನಿಸಿತು. ಯಜಮಾನರು ಕೇಳಿರಲಿಲ್ಲ, ಅವಳೇ ಒಂದು ತಗಡನ್ನು ತಂದು ಎಡಕ್ಕೆ ಓರೆಯಾಗಿ ಆನಿಸಿದಳು. ಬೆಳಕು ಅದರಿಂದ ಹಾರಿ ಹಲ್ಲಿನ ತುದಿಗೆ ಮಾತ್ರ ತಾಗಿತು. ಇಡೀ ಮನೆ ಉಸಿರು ಹಿಡಿದು ನಿಂತಿತು.

"ಚೆನ್ನಾಗಿದೆ," ಎಂದಳು ದೀಪದವಳು.

ಆ ಮಾತು ಬಾಯಿಂದ ಬಿದ್ದ ಮೇಲೆ ಅವಳಿಗೇ ಕೇಳಿಸಿತು. ಬೆಳಕಿನ ಆಚೆಯಿಂದ ಸಾಕವ್ವ ಕಣ್ಣು ಕಿರಿದು ಮಾಡಿ ಕೇಳಿದಳು, "ನಿಜವಾಗ್ಲೂ ಚೆನ್ನಾಗಿದ್ಯಾ ಕೂಸೇ?"

ಚಿತ್ರ ತೋರಿಸುವ ಸಂಜೆ ಸಾಕವ್ವ ಪೆಟ್ಟಿಗೆಯಲ್ಲಿಟ್ಟಿದ್ದ ಸೀರೆ ಉಟ್ಟುಕೊಂಡು ಬಂದು ಜನರ ನಡುವೆ ಕೂತಳು. ಎಡಕ್ಕೆ ಬಡಗಿಯ ಹೆಂಡತಿ, ಬಲಕ್ಕೆ ಬಟ್ಟೆ ಹೊಲಿಯುವವಳು. ದೀಪದವಳು ಹಿಂದೆ, ಚಿತ್ರ ಬಿಡುವ ಯಂತ್ರದ ಪಕ್ಕ ನಿಂತಿದ್ದಳು. ಅಲ್ಲಿಂದ ಅವಳಿಗೆ ಪರದೆಯೂ ಕಾಣುತ್ತಿತ್ತು, ಸಾಕವ್ವನ ತುರುಬೂ ಕಾಣುತ್ತಿತ್ತು.

ಕಾಡು ಬಂತು, ಹೊಗೆ ಬಂತು, ಹೊಗೆಯ ನಡುವಿನಿಂದ ಆ ಮುಖ ಬಂತು. ಯಾರೂ ಕಿರುಚಲಿಲ್ಲ. ಮುಖ ಪರದೆಯ ತುಂಬ ಬೆಳೆದು ಕೂಸಿನ ಮೇಲೆ ಬಾಗಿತು; ಹಲ್ಲಿನ ತುದಿ ಮಿಂಚಿತು. ಬಡಗಿಯ ಹೆಂಡತಿ ಕೂತಲ್ಲೇ ಒಂದು ಗೇಣು ಸರಿದಳು. ಹೊಲಿಯುವವಳು ತನ್ನ ಸೆರಗನ್ನು ಎಳೆದುಕೊಂಡಳು. ಅವರ ಹಿಂದಿನವರು ಸರಿದರು, ಮುಂದಿನವರು ಸರಿದರು. ಯಾರೂ ಏಳಲಿಲ್ಲ, ಮಾತಾಡಲಿಲ್ಲ. ಸರಿದರು, ಅಷ್ಟೇ. ಚಿತ್ರ ಮುಗಿಯುವ ಹೊತ್ತಿಗೆ ಸಾಕವ್ವನ ಸುತ್ತ ಒಕ್ಕುವ ಕಣದಷ್ಟು ಜಾಗ ಬರಿದಾಗಿತ್ತು. ಅವಳು ಅದರ ನಡುವೆ ಪರದೆಯನ್ನೇ ನೋಡುತ್ತ, ತುಟಿಯಂಚಿನಲ್ಲಿ ನಗು ಇಟ್ಟುಕೊಂಡು ಕೂತಿದ್ದಳು. ಅವಳಿಗೆ ಇನ್ನೂ ಗೊತ್ತಾಗಿರಲಿಲ್ಲ.

ದೀಪದವಳಿಗೆ ಗೊತ್ತಾಗಿತ್ತು. ಹೋಗಿ ಪಕ್ಕದಲ್ಲಿ ಕೂರಬೇಕು ಅಂದುಕೊಂಡಳು. ಯಂತ್ರ ಬಿಟ್ಟು ಹೇಗೆ ಹೋಗುವುದು ಅಂದುಕೊಂಡಳು. ಯಂತ್ರ ನೋಡಿಕೊಳ್ಳಲು ಬೇರೆಯವರಿದ್ದರು.

ಮರುದಿನ ಸಾಕವ್ವ ಅರವತ್ತು ಜನಕ್ಕೆ ಅನ್ನ ಮಾಡಿದಳು. ಎಲೆ ಹಾಕಿದಳು, ನೀರು ಇಟ್ಟಳು, ಕರೆದಳು. ಯಾರೂ ಬರಲಿಲ್ಲ. ಅನ್ನ ಆರಿತು. ಅದರ ಮರುದಿನವೂ ಮಾಡಿದಳು, ಕರೆದಳು, ಆರಿತು. ಮೂರನೆಯ ದಿನ ಚಿತ್ರದ ಮನೆಯ ಮುಂಬಾಗಿಲಲ್ಲಿ ಬಡಗಿಯ ಹೆಂಡತಿ ಹೊಸ ಒಲೆ ಹೂಡಿದ್ದಳು. ಜನ ಅಲ್ಲಿ ಕೂತು ಉಂಡರು. ಸಾಕವ್ವ ಹಿತ್ತಲಿನಿಂದ ಆ ಹೊಗೆ ನೋಡುತ್ತ ನಿಂತಳು. "ಅವಳ ಅನ್ನ ಮುದ್ದೆಯಾಗುತ್ತೆ," ಎಂದಳು. "ಬಡಗಿಗೆ ಸೇರಲ್ಲ."

ದೀಪದವಳು ಮನೆಮನೆಗೆ ಹೋದಳು. "ಅದು ದೀಪದ ಕೆಲಸ. ನಾನೇ ನೆಲದ ಮೇಲೆ ಇಟ್ಟೆ, ನಾನೇ ಹಸಿರು ಹಾಳೆ ಮುಚ್ಚಿದೆ. ಸಾಕವ್ವ ಸಾಕವ್ವನೇ," ಎಂದಳು.

ಹೊಲಿಯುವವಳು ಬಾಗಿಲನ್ನು ಅರ್ಧ ತೆರೆದು ಮೆಲ್ಲಗೆ ಹೇಳಿದಳು, "ಗೊತ್ತಮ್ಮ. ನೀನು ದೀಪ ಇಟ್ಟದ್ದಕ್ಕೇ ಕಾಣಿಸಿತು. ಇಲ್ಲದಿದ್ದರೆ ನಮಗೆ ತಿಳೀತಾನೇ ಇರಲಿಲ್ಲ. ಮೂವತ್ತು ವರ್ಷ ಅವಳ ಕೈಲಿ ಉಂಡೆವಲ್ಲ ಅಂತ ನನಗೆ ನಿದ್ದೆ ಬರ್ತಿಲ್ಲ."

ಅವಳ ದನಿಯಲ್ಲಿ ಕೋಪವಿರಲಿಲ್ಲ, ಹೆದರಿಕೆ ಮಾತ್ರ ಇತ್ತು.

ಆ ದಿನ ಮಧ್ಯಾಹ್ನ ಅವಳು ಸಾಕವ್ವನ ಮುಂದೆ ಊಟಕ್ಕೆ ಕೂತಳು. ಸಾಕವ್ವ ಚಿಕ್ಕಂದಿನಲ್ಲಿ ಮಾಡುತ್ತಿದ್ದಂತೆ ತುತ್ತು ಕಲಸಿ ಕೈ ಮುಂದೆ ಮಾಡಿದಳು. ದೀಪದವಳು ಬಾಯಿ ತೆರೆದಳು. ತೆರೆಯುವ ಮುಂಚೆ ಒಂದು ಚಣ ತಡೆದಳು. ಆ ಕೈಯ ಹಿಂದಿನ ಮುಖ ಅವಳಿಗೆ ಹೊಗೆಯ ನಡುವಿನಿಂದ ಬಂದ ಹಾಗೆ ಕಂಡಿತ್ತು. ಅವಳೂ ಆ ಊರಿನಲ್ಲೇ ಹುಟ್ಟಿದವಳು.

ಒಂದೇ ಚಣ. ಆದರೆ ಸಾಕವ್ವ ನೋಡಿಬಿಟ್ಟಳು. ತುತ್ತನ್ನು ಎಲೆಯ ಮೇಲೆ ಇಟ್ಟು, "ನೀನೇ ಉಣ್ಣು, ದೊಡ್ಡವಳಾಗಿದ್ದೀಯ," ಎಂದಳು. ಅಂದಿನಿಂದ ಅವಳು ಯಾರಿಗೂ ಕೈತುತ್ತು ಕೊಡಲಿಲ್ಲ.

ಮುಂದಿನ ವರ್ಷದ ಚಿತ್ರಕ್ಕೆ ಯಜಮಾನರು ಕರೆದಾಗ ದೀಪದವಳು ಒಂದು ಮಾತು ಹೇಳಿದಳು.

"ಸಾಕವ್ವನಿಗೆ ಒಂದು ಪಾತ್ರ ಬೇಕು. ದೇವತೆಯದು. ಇಲ್ಲದಿದ್ದರೆ ನಾನು ದೀಪ ಹಚ್ಚಲ್ಲ."

"ಹುಚ್ಚಾ ನಿನಗೆ? ಜನ ಅವಳನ್ನ ನೋಡಿದ್ದಾಗಿದೆ."

"ಮತ್ತೊಂದು ಸಲ ನೋಡಲಿ. ನಾನು ತೋರಿಸ್ತೀನಿ."

ಯಜಮಾನರಿಗೆ ಬೇರೆ ದಾರಿಯಿರಲಿಲ್ಲ. ನದಿಯ ತಳದಿಂದ ಎದ್ದು ಬಂದು, ಬಾಯಾರಿದ ಸೈನಿಕರಿಗೆ ನೀರು ಕೊಟ್ಟು ಮರೆಯಾಗುವ ಜಲದೇವತೆಯೊಬ್ಬಳನ್ನು ಕಥೆಯಲ್ಲಿ ಸೇರಿಸಿದರು. ಸಾಕವ್ವ ಬೇಡವೆನ್ನಲಿಲ್ಲ. ಹೇಳಿದ ಕಡೆ ಬಂದು ಕೂತಳು, ಹೇಳಿದ ಹಾಗೆ ಮುಖ ಎತ್ತಿದಳು. ದೀಪದವಳು ಮೂರು ದಿನ ಊಟ ನಿದ್ದೆ ಮರೆತು ಬೆಳಕು ಕಟ್ಟಿದಳು. ಹಿಂದಿನಿಂದ ಹೊಂಬಣ್ಣ, ಕೂದಲಿನ ಎಳೆಯೆಳೆಗೂ ಗೆರೆ ಬರುವಂತೆ. ಮುಂದಿನಿಂದ ತೆಳು ಬಟ್ಟೆ, ಒಂದರ ಮೇಲೊಂದು ಮೂರು ಪದರ. ಕೆಳಗೆ ಹರಿವಾಣದಲ್ಲಿ ನೀರು ತುಂಬಿ ಅದಕ್ಕೊಂದು ದೀಪ ತೋರಿಸಿ, ಆ ನೀರಿನ ಅಲೆ ಕೆನ್ನೆಯ ಮೇಲೆ ಆಡುವಂತೆ. ಅಂಥ ಬೆಳಕನ್ನು ಅವಳ ಅಪ್ಪನೂ ಕಟ್ಟಿರಲಿಲ್ಲ.

ಪರದೆಯ ಮೇಲೆ ಆ ಮುಖ ಬಂದಾಗ ಬಯಲೆಲ್ಲ ನಿಶ್ಶಬ್ದವಾಯಿತು. ದೀಪದವಳು ಉಗುರನ್ನು ಅಂಗೈಗೆ ಒತ್ತಿಕೊಂಡು ಕಾದಳು. ಎಲ್ಲೋ ಮುಂದಿನ ಸಾಲಿನಲ್ಲಿ ಹೆಂಗಸೊಬ್ಬಳು ತಗ್ಗಿದ ದನಿಯಲ್ಲಿ ಹೇಳಿದಳು:

"ನೋಡಿದಿರಾ, ಎಂಥ ರೂಪ ತಾಳಿದ್ದಾಳೆ."

ಅಷ್ಟೇ ಸಾಕಾಯಿತು. ಕುರೂಪದ ರಕ್ಕಸಿಗಿಂತ ಚೆಲುವೆಯಾಗಿ ಬರುವ ರಕ್ಕಸಿಗೆ ಜನ ಹೆಚ್ಚು ಹೆದರಿದರು. ಮರುದಿನ ಸಾಕವ್ವ ನೀರು ಸೇದುತ್ತಿದ್ದ ಬಾವಿಗೆ ಯಾರೂ ಬರಲಿಲ್ಲ. ಊರಿನ ಇನ್ನೊಂದು ತುದಿಯಲ್ಲಿ ಹೊಸ ಬಾವಿ ತೋಡತೊಡಗಿದರು. ಅಷ್ಟೇ ಅಲ್ಲ, ಹೊಂಬಣ್ಣದ ಬೆಳಕು ಬಿದ್ದವರನ್ನೆಲ್ಲ ಜನ ಎರಡು ಸಲ ನೋಡತೊಡಗಿದರು. ರಾಜಕುಮಾರನಾಗಿದ್ದವನು ಬಂದರೆ ಈಗ ಎದ್ದು ನಿಲ್ಲುವ ಮುಂಚೆ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು.

"ನನ್ನ ಚಿನ್ನದ ಬಣ್ಣವನ್ನೇ ಕೆಡಿಸಿಬಿಟ್ಟೆ," ಎಂದರು ಯಜಮಾನರು. "ಇನ್ನು ದೇವರನ್ನ ಯಾವ ಬೆಳಕಲ್ಲಿ ತೋರಿಸಲಿ?"

ಸಾಕವ್ವ ಮಾತ್ರ, "ಚೆನ್ನಾಗಿದ್ದೆ ಅಲ್ವಾ?" ಎಂದು ಕೇಳಿದಳು. ಉತ್ತರಕ್ಕೆ ಕಾಯದೆ, "ಸಾಕು ಬಿಡು ಕೂಸೇ. ಇನ್ನು ನನ್ನ ಮುಖ ಹಿಡಿದು ಎಳೆದಾಡಬೇಡ," ಎಂದಳು.

ಆಮೇಲೆ ಅವಳು ಹಾಸಿಗೆ ಹಿಡಿದಳು. ಇಂಥದೇ ಕಾಯಿಲೆ ಎಂದು ಹೇಳುವ ಹಾಗಿರಲಿಲ್ಲ. ಬೇಯಿಸುವುದಕ್ಕೆ ಜನವಿಲ್ಲದೆ ಕೈ ಸುಮ್ಮನಾಗಿತ್ತು. ಕೈ ಸುಮ್ಮನಾದ ಮೇಲೆ ಮೈಯೂ ಸುಮ್ಮನಾಗತೊಡಗಿತು. ದೀಪದವಳು ಚಿತ್ರದ ಮನೆಗೆ ಹೋಗುವುದನ್ನು ಬಿಟ್ಟು ಅವಳ ಬಳಿಯೇ ಇದ್ದಳು.

ಒಂದು ದಿನ ಮಧ್ಯಾಹ್ನ ಸಾಕವ್ವ ಹೇಳಿದಳು, "ಆ ಮೊರ ಹೆಣೆಯೋಳು ಬಂದಿದ್ದಳಲ್ಲ, ನೆನಪಿದ್ಯಾ?"

"ಮರೆತುಹೋಗಿದೆ."

"ನೀನೇ ದೀಪ ಇಟ್ಟಿದ್ದೆ. ಚಿತ್ರ ತೋರಿಸಿದ ಮರುದಿನ ಅವಳು ನಮ್ಮ ಹಿತ್ತಲ ಬಾಗಿಲಿಗೆ ಬಂದಳು. 'ಅವ್ವಾ, ನೀರು ಕೊಡು' ಅಂದಳು. ನನ್ನ ಕೈಯಲ್ಲಿ ಚೊಂಬು ಇತ್ತು, ಚೊಂಬಲ್ಲಿ ನೀರಿತ್ತು. ನಾನು ಬಾಗಿಲು ಹಾಕಿಕೊಂಡೆ." ಸಾಕವ್ವ ಜಂತಿಯನ್ನು ನೋಡುತ್ತಿದ್ದಳು. "ಹಿಂದಿನ ದಿನ ತಾನೇ ಅವಳಿಗೆ ಅನ್ನ ಇಕ್ಕಿದ್ದೆ. ಇನ್ನೊಂದಿಷ್ಟು ಸಾರು ಹಾಕು ಅಂತ ಕೇಳಿ ಹಾಕಿಸಿಕೊಂಡಿದ್ದಳು. ಅದೇ ಬಾಯಿ ನೋಡಿ ನಾನು ಬಾಗಿಲು ಹಾಕಿಕೊಂಡೆ."

ದೀಪದವಳು ಅವಳ ಕೈ ಹಿಡಿದುಕೊಂಡಳು.

"ಒಂದು ದೀಪ ತಾ," ಎಂದಳು ಸಾಕವ್ವ. "ಕನ್ನಡಿಯನ್ನೂ ತಾ. ನೀನು ನನಗೆ ಮಾಡಿದ್ದನ್ನ ನಾನೂ ಒಂದು ಸಲ ಸರಿಯಾಗಿ ನೋಡ್ತೀನಿ."

ದೀಪದವಳು ಬಾಗಿಲು ಮುಂದೆ ಮಾಡಿ ಕೋಣೆಯನ್ನು ಮಬ್ಬಾಗಿಸಿದಳು. ಸಾಕವ್ವನನ್ನು ಗೋಡೆಗೆ ಒರಗಿಸಿ ಕೂರಿಸಿ, ಕನ್ನಡಿಯನ್ನು ಅವಳ ಮಡಿಲಿಗೆ ಕೊಟ್ಟು, ದೀಪವನ್ನು ಮೇಲೆ ಹಿಡಿದಳು.

"ಇವಳು ಯಾರೋ ದೊಡ್ಡ ಮನೆಯವಳು," ಎಂದಳು ಸಾಕವ್ವ.

ಪಕ್ಕಕ್ಕೆ ಹಿಡಿದಳು.

"ಇವಳು ನನ್ನ ಅಕ್ಕನ ಹಾಗಿದ್ದಾಳೆ. ಬಾವಿಗೆ ಹೋಗಿ ಬರ್ತೀನಿ ಅಂತ ಹೋದವಳು ಬರಲೇ ಇಲ್ಲ."

ಹಿಂದಕ್ಕೆ ಹಿಡಿದಳು.

"ಇವಳ ಮುಖವೇ ಕಾಣಲ್ಲ. ಬರೀ ಕೂದಲು."

"ಕೆಳಗೂ ಇಡು," ಎಂದಳು ಸಾಕವ್ವ. ಇಟ್ಟಳು. ಸಾಕವ್ವ ಕನ್ನಡಿಯನ್ನು ಬಹಳ ಹೊತ್ತು ನೋಡಿದಳು. ಎಡಕ್ಕೆ ತಿರುಗಿಸಿ ನೋಡಿದಳು, ಬಲಕ್ಕೆ ತಿರುಗಿಸಿ ನೋಡಿದಳು.

"ಇವಳಿಗೆ ಹಸಿವಾಗಿದೆ ಅಷ್ಟೇ ಕಣೇ," ಎಂದಳು.

ದೀಪದವಳು ಎದ್ದು ಅಡುಗೆಮನೆಗೆ ಹೋದಳು. ಎಷ್ಟೋ ದಿನದಿಂದ ತಣ್ಣಗಿದ್ದ ದೊಡ್ಡ ಒಲೆಗೆ ಕಟ್ಟಿಗೆ ಒಟ್ಟಿ ಉರಿ ಮಾಡಿದಳು. ಸಾಕವ್ವನನ್ನು ಎತ್ತಿ ತಂದು ಅದರ ಮುಂದೆ ಕೂರಿಸಿದಳು. ಅವಳು ಒಂದು ಮೂಟೆ ಹತ್ತಿಯಷ್ಟೂ ಭಾರವಿರಲಿಲ್ಲ. ಅನ್ನ ಬೇಯುತ್ತಿದ್ದಾಗ ದೀಪದವಳು ತಲೆಯೆತ್ತಿ ನೋಡಿದಳು. ಒಲೆಯ ಬೆಳಕು ಕೆಳಗಿನಿಂದ ಬರುತ್ತಿತ್ತು. ಗಲ್ಲದ ಕೆಳಗೆ ಬೆಳಕು, ಕಣ್ಣಲ್ಲಿ ಗುಳಿ, ಹುಬ್ಬಿನ ನೆರಳು ಹಣೆಯ ಮೇಲೆ. ಹಸಿರು ಹಾಳೆಯೊಂದಿರಲಿಲ್ಲ, ಮಿಕ್ಕಿದ್ದೆಲ್ಲ ಅದೇ.

ಹುಟ್ಟಿದಂದಿನಿಂದ ಅವಳು ಆ ಮುಖವನ್ನು ನೋಡಿದ್ದೇ ಆ ಬೆಳಕಿನಲ್ಲಿ. ಒಲೆಯ ಆಚೆ ಬದಿಯಲ್ಲಿ ಕೂತು, ಅಳುತ್ತ, ಹಸಿದು, ಆ ಮುಖ ತನ್ನ ಮೇಲೆ ಬಾಗಲಿ ಎಂದು ಕಾಯುತ್ತಿದ್ದಳು. ಒಂದು ದಿನವೂ ಹೆದರಿರಲಿಲ್ಲ.

ಅವಳು ಒಲೆಯ ಮುಂದೆಯೇ ಅಳತೊಡಗಿದಳು. ಅನ್ನ ಇಳಿಸಿದ ಮೇಲೆ ಸಾಕವ್ವ ಎರಡು ಬೆರಳಲ್ಲಿ ಅಗುಳು ಹಿಸುಕಿ ನೋಡಿ, "ಇನ್ನೊಂದು ಕುದಿ ಬೇಕಿತ್ತು," ಎಂದಳು. ಆಮೇಲೆ ಮಜ್ಜಿಗೆ ಹಾಕಿ ಕಲಸಿ, ಸ್ವಲ್ಪ ಹೊತ್ತು ಕೈಯಲ್ಲೇ ಇಟ್ಟುಕೊಂಡಿದ್ದು, ತುತ್ತನ್ನು ಮುಂದೆ ಮಾಡಿದಳು. ದೀಪದವಳು ತಡೆಯದೆ ಉಂಡಳು. ಹೊಟ್ಟೆ ತುಂಬಿದ ಮೇಲೂ ಸಾಕವ್ವ ಕೊಡುತ್ತಲೇ ಇದ್ದಳು, ಅವಳು ಉಣ್ಣುತ್ತಲೇ ಇದ್ದಳು.

ಐದನೆಯ ದಿನ ಬೆಳಗ್ಗೆ ಸಾಕವ್ವ ಏಳಲಿಲ್ಲ.

ಹೊರುವುದಕ್ಕೆ ಯಾರೂ ಬರಲಿಲ್ಲ. ದೀಪದವಳು ಚಿತ್ರದ ಮನೆಯಿಂದ ದೀಪಗಳನ್ನು ಸಾಗಿಸುವ ತಳ್ಳುಗಾಡಿ ತಂದು ಅದರ ಮೇಲೆ ಮಲಗಿಸಿದಳು. ಬೇಲಿಯ ಆಚೆ ಯಜಮಾನರು ನಿಂತಿದ್ದರು. "ನಾನೂ ಅವಳ ಅನ್ನ ಉಂಡವನೇ," ಎಂದರು. ಬೇಲಿ ದಾಟಲಿಲ್ಲ. ಗಾಡಿ ಹೋಗುವಾಗ ಬೀದಿಯ ಬಾಗಿಲುಗಳು ಮುಚ್ಚಿದ್ದವು. ಊರಾಚೆ ಅವಳು ಒಬ್ಬಳೇ ಅಗೆದಳು, ಒಬ್ಬಳೇ ಇಳಿಸಿದಳು. ಮಣ್ಣು ಹಾಕುವ ಮುಂಚೆ ಮುಖ ನೋಡಿದಳು. ಮೋಡದ ಬೆಳಕು ಎಲ್ಲ ಕಡೆಯಿಂದಲೂ ಸಮನಾಗಿ ಬೀಳುತ್ತಿತ್ತು.

ಆ ವರ್ಷದ ಚಿತ್ರಕ್ಕೆ ಅವಳು ದೀಪ ಇಡಲಿಲ್ಲ. ಯಜಮಾನರು ಎರಡು ಸಲ ಬಂದು ಕೇಳಿದರು. ಮೂರನೆಯ ಸಲ ಬರಲಿಲ್ಲ. ಬಡಗಿಯನ್ನು ಕರೆದು ದೀಪದ ಕೆಲಸ ಕೊಟ್ಟರು. ಹಾದಿಯಲ್ಲಿ ಚಾಪೆ ಹೆಣೆಯುವ ಹೆಂಗಸೊಬ್ಬಳು ಸಿಕ್ಕಿದ್ದಳು.

ತೋರಿಸುವ ಸಂಜೆ ದೀಪದವಳು ಬಯಲಿಗೆ ಹೋಗಿ ಕೊನೆಯ ಸಾಲಿನಲ್ಲಿ ಕೂತಳು. ಬಡಗಿಗೆ ಕೈ ಕೂತಿರಲಿಲ್ಲ. ಕಾಡಿನ ದೃಶ್ಯದಲ್ಲಿ ದೀಪದ ಕಾಲು ಪರದೆಯ ಮೂಲೆಯಲ್ಲಿ ಕಾಣುತ್ತಿತ್ತು. ಹಸಿರು ಹಾಳೆ ಒಂದು ಕಡೆ ಹರಿದು, ರಕ್ಕಸಿಯ ಅರ್ಧ ಕೆನ್ನೆ ಹಸಿರು, ಅರ್ಧ ಕೆನ್ನೆ ಹಳದಿ. ತಗಡು ಇರಲಿಲ್ಲ, ಹಲ್ಲು ಮಿಂಚಲಿಲ್ಲ. ಯಾರೂ ಇದನ್ನು ನಂಬಲಾರರು ಅಂದುಕೊಂಡಳು. ಎದೆಯೊಳಗೆ ಏನೋ ಹಗುರಾಯಿತು.

ಜನ ಸರಿಯತೊಡಗಿದರು. ಒಂದು ಗೇಣು, ಇನ್ನೊಂದು ಗೇಣು. ಮೊದಲಿನ ಹಾಗೆಯೇ, ಏಳದೆ, ಮಾತಾಡದೆ. ಅವಳು ಅಷ್ಟು ಹೆಮ್ಮೆಯಿಂದ ಕಟ್ಟಿದ ಬೆಳಕಿನ ಅಗತ್ಯವೇ ಅವರಿಗಿರಲಿಲ್ಲ. ನೆಲದ ಮೇಲೆ ಒಂದು ದೀಪ ಇದ್ದರೆ ಸಾಕಿತ್ತು.

ನಡುವೆ ಬರಿದಾದ ಜಾಗದಲ್ಲಿ ಚಾಪೆಯವಳು ಕೂತಿದ್ದಳು. ಯಾರೋ ಕೊಟ್ಟ ಹೂವು ಮುಡಿದು, ತಾನೇ ಹೆಣೆದ ಚಾಪೆ ಹಾಸಿಕೊಂಡು, ಪರದೆಯ ಮೇಲಿನ ತನ್ನ ಮುಖವನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು.

ದೀಪದವಳು ಎದ್ದಳು. ಕೂತವರನ್ನು ದಾಟಿಕೊಂಡು, ಕಾಲು ತಾಗಿದವರ ಹೆಗಲು ಮುಟ್ಟಿ ಕ್ಷಮೆ ಕೇಳುತ್ತ, ಬರಿದಾದ ಜಾಗವನ್ನು ಹಾದು ಅವಳ ಹತ್ತಿರ ಹೋದಳು. ಚಾಪೆಯವಳು ಸರಿದು ಜಾಗ ಮಾಡಿಕೊಟ್ಟಳು.

"ಊಟ ಆಯ್ತಾ?" ಎಂದು ಕೇಳಿದಳು ದೀಪದವಳು.

"ಇಲ್ಲಮ್ಮ. ಮುಗಿದ ಮೇಲೆ ಯಾರಾದರೂ ಕರೀಬಹುದು." ಚಾಪೆಯವಳು ಪರದೆಯಿಂದ ಕಣ್ಣು ಕೀಳದೆ ಹೇಳಿದಳು. ಆಮೇಲೆ ನಾಚಿಕೊಂಡು ಅವಳ ಕಡೆ ತಿರುಗಿದಳು. "ನೀನು ನೋಡಿ ಹೇಳು. ನಾನು ಚೆನ್ನಾಗಿ ಕಾಣ್ತೀನಾ?"

ಪರದೆಯ ಬೆಳಕು ಆ ಮುಖದ ಮೇಲೆ ಹಸಿರಾಗಿ ಬಿತ್ತು, ನೀಲಿಯಾಗಿ ಬಿತ್ತು, ಮತ್ತೆ ಹಸಿರಾಯಿತು. ದೀಪದವಳು ಅವಳನ್ನೇ ನೋಡಿದಳು.

"ಇಲ್ಲಿ ಸರಿಯಾಗಿ ಕಾಣ್ತಿಲ್ಲಮ್ಮ," ಎಂದಳು. "ಮನೆಗೆ ಹೋಗೋಣ ಬಾ. ಮೊದಲು ಊಟ ಮಾಡು. ಬೆಳಗ್ಗೆ ನೋಡಿ ಹೇಳ್ತೀನಿ."